ಬ್ಯಾಟರಿಯ ಅಂಕಿ ತಪ್ಪಿದಾಗ



ಲ್ಯಾಪ್‌ಟಾಪಿನ ಪರದೆಯ ಕೆಳಗೆ, ಬಲಮೂಲೆಯಲ್ಲಿ, ಒಂದು ಪುಟ್ಟ ಬ್ಯಾಟರಿಯ ಚಿತ್ರ ಇರುತ್ತದೆ. ಅದರ ಮೇಲೆ ಮೌಸ್ ಇಟ್ಟರೆ ಶೇಕಡಾ ಇಷ್ಟು ಉಳಿದಿದೆ ಎಂದು ಒಂದು ಅಂಕಿ ಕಾಣುತ್ತದೆ. ಆ ಅಂಕಿ ತಪ್ಪಾಗಿದ್ದರೆ ತಪ್ಪು ಎಲ್ಲಿ ಹುಟ್ಟಿತು, ಅದನ್ನು ಹುಡುಕುವುದು ಹೇಗೆ ಎಂಬುದು ಇವತ್ತಿನ ವಿಷಯ.

ಇದು ಪಟ್ಟಣದ ಆಫೀಸಿನಲ್ಲಿ ಕೂತವರ ಸಮಸ್ಯೆ ಎಂದು ಯಾರೂ ಅಂದುಕೊಳ್ಳಬಾರದು. ನಮ್ಮ ಚಿತ್ರದುರ್ಗ ಜಿಲ್ಲೆಯ ತಳಕು, ಪರಶುರಾಂಪುರ, ನಾಯಕನಹಟ್ಟಿ, ದೇವಸಮುದ್ರ ಹೋಬಳಿಗಳ ಯಾವ ಗ್ರಾಮ ಒನ್ ಕೇಂದ್ರಕ್ಕೆ ಹೋದರೂ ಅಲ್ಲಿನ ಕೆಲಸವೆಲ್ಲ ಒಂದು ಲ್ಯಾಪ್‌ಟಾಪಿನ ಮೇಲೆ ನಿಂತಿರುತ್ತದೆ. ಪಹಣಿ, ಜಾತಿ ಆದಾಯ ಪ್ರಮಾಣಪತ್ರ, ಪಿಂಚಣಿ, ಗೃಹಲಕ್ಷ್ಮಿಯ ಅರ್ಜಿ, ಎಲ್ಲವೂ ಅದರಲ್ಲೇ. ಕೂಲಿ ಬಿಟ್ಟು ಬಂದ ಹೆಣ್ಣುಮಗಳು ಹೆಬ್ಬೆಟ್ಟು ಕೊಟ್ಟು ಕಾಯುತ್ತಿರುತ್ತಾಳೆ. ಕರೆಂಟ್ ಹೋಗುತ್ತದೆ. ಪರದೆ ಶೇಕಡಾ 45 ಎನ್ನುತ್ತದೆ, ಕೂತ ಹುಡುಗ ಧೈರ್ಯವಾಗಿ ಮುಂದುವರಿಯುತ್ತಾನೆ. ಐದು ನಿಮಿಷಕ್ಕೆ ಯಂತ್ರ ತಟ್ಟನೆ ಆರಿಹೋಗುತ್ತದೆ. ಅರ್ಜಿ ಮತ್ತೆ ಮೊದಲಿನಿಂದ, ಆಕೆಯ ಒಂದು ದಿನದ ಕೂಲಿ ಹೋಯಿತು. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಓದುವಾಗ ಸಿಕ್ಕ ಲ್ಯಾಪ್‌ಟಾಪನ್ನು ಇವತ್ತಿಗೂ ಜೋಪಾನವಾಗಿ ಇಟ್ಟುಕೊಂಡಿರುವ ಮಕ್ಕಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಮೊಳಕಾಲ್ಮುರಿನಲ್ಲಿ ಸೀರೆಯ ಸೆರಗಿನ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಬಿಡಿಸುವವರಿದ್ದಾರೆ. ಇವರಿಗೆಲ್ಲ ಆ ಅಂಕಿ ನಿಜವಾಗಿರಬೇಕು.

ದೂರುಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. 40 ಇದ್ದಾಗಲೇ ಆರಿತು ಎಂಬುದು ಒಂದು. ಎರಡು ತಾಸು ನೂರರಲ್ಲೇ ನಿಂತು ಆಮೇಲೆ ಒಮ್ಮೆಗೇ 60ಕ್ಕೆ ಬಿತ್ತು ಎಂಬುದು ಇನ್ನೊಂದು. ಚಾರ್ಜರ್ ಹಾಕಿದರೂ ಚಾರ್ಜ್ ಆಗುತ್ತಿಲ್ಲ ಎಂದು ಬರೆದು ತೋರಿಸುತ್ತದೆ ಎನ್ನುವವರಿದ್ದಾರೆ. ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ಬ್ಯಾಟರಿಯೇ ಇಲ್ಲ ಎನ್ನುತ್ತಿದೆ ಎಂಬ ಗೋಳು ಬೇರೆ. ಇವೆಲ್ಲಕ್ಕೂ ಅಂಗಡಿಗಳಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ. ಕೆಲವು ಸಲ ಅದು ನಿಜ. ಆದರೆ ಎಷ್ಟೋ ಸಲ ಬ್ಯಾಟರಿ ಚೆನ್ನಾಗಿಯೇ ಇರುತ್ತದೆ, ಅದರ ಲೆಕ್ಕ ಮಾತ್ರ ಕೆಟ್ಟಿರುತ್ತದೆ. ಲೆಕ್ಕ ಸರಿಮಾಡುವುದಕ್ಕೆ ದುಡ್ಡು ಬೇಕಿಲ್ಲ. ಇದನ್ನು ಹೇಳದೆ ಬಡವರ ಮಕ್ಕಳಿಂದ ಸಾವಿರಾರು ರೂಪಾಯಿ ಖರ್ಚು ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ.

ಮೊದಲು ಆ ಅಂಕಿ ಎಲ್ಲಿಂದ ಬರುತ್ತದೆ ಎಂದು ನೋಡೋಣ.

ಲ್ಯಾಪ್‌ಟಾಪಿನೊಳಗೆ ಇರುವುದು ಲಿಥಿಯಂ ಅಯಾನ್ ಸೆಲ್‌ಗಳು. ಸಾಮಾನ್ಯವಾಗಿ ಒಂದು ಸೆಲ್ ಪೂರ್ತಿ ತುಂಬಿದಾಗ ಸುಮಾರು 4.2 ವೋಲ್ಟ್ ಇರುತ್ತದೆ, ಬರಿದಾದಾಗ 3 ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ. ಹಾಗಿದ್ದರೆ ವೋಲ್ಟ್ ಅಳೆದು ಎಷ್ಟು ಉಳಿದಿದೆ ಎಂದು ಹೇಳಿಬಿಡಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಆಗುವುದಿಲ್ಲ. ನಡುವಿನ ದೊಡ್ಡ ಭಾಗದಲ್ಲಿ ವೋಲ್ಟೇಜ್ ಹೆಚ್ಚು ಕದಲುವುದೇ ಇಲ್ಲ. ಶೇಕಡಾ 70ಕ್ಕೂ 40ಕ್ಕೂ ನಡುವಿನ ವ್ಯತ್ಯಾಸ ತೀರಾ ಸಣ್ಣದು. ಅದರ ಮೇಲೆ, ಯಂತ್ರ ಹೆಚ್ಚು ಕೆಲಸ ಮಾಡಿದರೆ ವೋಲ್ಟೇಜ್ ತಾನಾಗಿ ಕುಸಿಯುತ್ತದೆ, ಕೆಲಸ ನಿಂತರೆ ಮತ್ತೆ ಏರುತ್ತದೆ.

ಅದಕ್ಕೇ ಬ್ಯಾಟರಿ ಪ್ಯಾಕಿನೊಳಗೇ ಒಂದು ಗೇಜ್ ಚಿಪ್ ಇಡುತ್ತಾರೆ. ಕೆಲವೇ ಮಿಲಿಓಮ್ ಅಳತೆಯ ಒಂದು ಸಣ್ಣ ರೋಧಕದ ಮೂಲಕ ಹಾದುಹೋಗುವ ವಿದ್ಯುತ್ತನ್ನು ಅದು ಸತತವಾಗಿ ಅಳೆಯುತ್ತದೆ. ಒಳಗೆ ಇಷ್ಟು ಬಂತು, ಹೊರಗೆ ಇಷ್ಟು ಹೋಯಿತು ಎಂದು ಕೂಡಿ ಕಳೆಯುತ್ತದೆ. ಪ್ರತಿ ಅಳತೆಯಲ್ಲೂ ಒಂದು ಕೂದಲೆಳೆಯಷ್ಟು ತಪ್ಪು ಇದ್ದೇ ಇರುತ್ತದೆ, ತಿಂಗಳುಗಟ್ಟಲೆ ಕೂಡಿಕೊಂಡರೆ ಅದೇ ದೊಡ್ಡದಾಗುತ್ತದೆ. ಹಾಗೆ ಕೂಡಿಕೊಂಡ ತಪ್ಪನ್ನು ತಿದ್ದಿಕೊಳ್ಳಲು ಚಿಪ್ಪಿಗೆ ಎರಡು ಗುರುತುಗಳು ಬೇಕು. ಇದು ಪೂರ್ತಿ ತುಂಬಿದ ಜಾಗ, ಇದು ಪೂರ್ತಿ ಬರಿದಾದ ಜಾಗ ಎಂದು ಅದಕ್ಕೆ ಆಗಾಗ ಗೊತ್ತಾಗಬೇಕು.

ನಮ್ಮ ಕಡೆ ತೊಂದರೆ ಶುರುವಾಗುವುದು ಇಲ್ಲಿಯೇ. ಕರೆಂಟ್ ಯಾವಾಗ ಹೋಗುತ್ತದೋ ಎಂಬ ಭಯಕ್ಕೆ ಜನ ಚಾರ್ಜರ್ ತೆಗೆಯುವುದೇ ಇಲ್ಲ. ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪ್‌ಸೆಟ್ಟಿನ ಫೀಡರನ್ನೂ ಊರಿನ ಫೀಡರನ್ನೂ ಬೇರೆ ಮಾಡಿದ ಮೇಲೆ ಸ್ಥಿತಿ ಸುಧಾರಿಸಿದೆ, ಆದರೂ ಭಯ ಹೋಗಿಲ್ಲ. ಇನ್‌ವರ್ಟರ್ ಇರುವ ಕಡೆಯಂತೂ ಲ್ಯಾಪ್‌ಟಾಪ್ ವರ್ಷಗಟ್ಟಲೆ ನೂರರಲ್ಲೇ ಕೂತಿರುತ್ತದೆ. ಬರಿದಾಗುವುದು ಎಂದರೇನೆಂದು ಗೇಜ್ ಚಿಪ್ಪಿಗೆ ಮರೆತೇ ಹೋಗುತ್ತದೆ. ಅಂಥ ಯಂತ್ರವನ್ನು ಒಂದು ದಿನ ಬ್ಯಾಟರಿಯ ಮೇಲೆ ನಡೆಸಿದರೆ ಅದು ಹೇಳುವ ಅಂಕಿ ಹಳೆಯ ನೆನಪಿನದು.

ಬಿಸಿಲೂ ಇದಕ್ಕೆ ಸೇರಿಕೊಳ್ಳುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಚಳ್ಳಕೆರೆಯ ಶೀಟಿನ ಮಾಡಿನ ಅಂಗಡಿಯೊಳಗೆ ಎಷ್ಟು ಕಾವಿರುತ್ತದೆ ಎಂದು ಅಲ್ಲಿ ಕೂತವರಿಗೆ ಗೊತ್ತು. ಲಿಥಿಯಂ ಸೆಲ್ಲಿಗೆ ಅತಿ ಕೆಟ್ಟದ್ದು ಎರಡು: ಒಂದು ಕಾವು, ಇನ್ನೊಂದು ಸದಾ ಪೂರ್ತಿ ತುಂಬಿರುವುದು. ಎರಡೂ ಸೇರಿದರೆ ಸೆಲ್ಲಿನ ಶಕ್ತಿ ಬೇಗ ಕುಗ್ಗುತ್ತದೆ. ಶಕ್ತಿ ಕುಗ್ಗಿದ್ದು ಗೇಜ್ ಚಿಪ್ಪಿಗೆ ತಿಳಿಯದೆ ಹೋದರೆ ಅಂಕಿಗೂ ನಿಜಕ್ಕೂ ನಡುವಿನ ಅಂತರ ಇನ್ನೂ ಬೆಳೆಯುತ್ತದೆ.

ಗೇಜ್ ಚಿಪ್ ಲೆಕ್ಕ ಹಾಕಿತು ಅಂದುಕೊಳ್ಳೋಣ. ಅದು ನೇರವಾಗಿ ಪರದೆಗೆ ಬರುವುದಿಲ್ಲ. 1990ರ ದಶಕದ ನಡುಭಾಗದಲ್ಲಿ ಇಂಟೆಲ್ ಮತ್ತು ಬ್ಯಾಟರಿ ತಯಾರಿಸುವ ಡ್ಯೂರಾಸೆಲ್ ಕಂಪನಿಗಳು ಸೇರಿ ಸ್ಮಾರ್ಟ್ ಬ್ಯಾಟರಿ ಎಂಬ ನಿಯಮಾವಳಿ ರೂಪಿಸಿದವು. ಬ್ಯಾಟರಿ ತನ್ನ ಸ್ಥಿತಿಯನ್ನು ಎರಡು ತಂತಿಗಳ ಮೂಲಕ ಹೇಗೆ ಹೇಳಬೇಕು ಎಂಬುದು ಅಲ್ಲಿ ನಿಗದಿಯಾಯಿತು. ಆ ಮಾತನ್ನು ಕೇಳಿಸಿಕೊಳ್ಳುವುದು ಮದರ್‌ಬೋರ್ಡಿನ ಮೇಲಿರುವ ಎಂಬೆಡೆಡ್ ಕಂಟ್ರೋಲರ್ ಎಂಬ ಇನ್ನೊಂದು ಸಣ್ಣ ಚಿಪ್. ಕೀಬೋರ್ಡು, ಫ್ಯಾನು, ಚಾರ್ಜಿಂಗ್ ಎಲ್ಲ ನೋಡಿಕೊಳ್ಳುವುದೂ ಅದೇ. ಅದರಿಂದ ಮಾಹಿತಿ, ಯಂತ್ರ ಚಾಲೂ ಆಗುವಾಗ ಮೊದಲು ಓಡುವ ತಂತ್ರಾಂಶವಾದ ಬಯಾಸ್‌ಗೆ ಬರುತ್ತದೆ. 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಶಿಬಾ ಸೇರಿ ಹೊರತಂದ ಎಸಿಪಿಐ ಎಂಬ ಒಪ್ಪಂದದ ಪ್ರಕಾರ ಬಯಾಸ್ ಅದನ್ನು ಆಪರೇಟಿಂಗ್ ಸಿಸ್ಟಂಗೆ ಒಪ್ಪಿಸುತ್ತದೆ. ಆಮೇಲೆ ವಿಂಡೋಸೋ ಲಿನಕ್ಸೋ ಅದನ್ನು ಭಾಗಿಸಿ, ಶೇಕಡಾ ಮಾಡಿ, ಮೂಲೆಯ ಚಿತ್ರದಲ್ಲಿ ತೋರಿಸುತ್ತದೆ. ಇಷ್ಟು ಕೈ ದಾಟಿ ಬಂದ ಅಂಕಿ ಅದು. ಯಾವ ಕೈಯಲ್ಲಿ ಬೇಕಾದರೂ ಕೆಡಬಹುದು.

ಬ್ಯಾಟರಿಯಲ್ಲಿ ಏನೂ ಕೊರತೆ ಇಲ್ಲದೆ ನಡುವಿನ ಕೈಯಲ್ಲಿ ಲೆಕ್ಕ ಕೆಟ್ಟದ್ದಕ್ಕೆ ಒಂದು ಪ್ರಸಿದ್ಧ ಉದಾಹರಣೆ ಇದೆ. ಲೆನೊವೊ ಕಂಪನಿಯ 2010 ಮತ್ತು 2011ರ ಥಿಂಕ್‌ಪ್ಯಾಡ್ ಮಾದರಿಗಳಲ್ಲಿ, ಅಂದರೆ ಎಕ್ಸ್ 201, ಟಿ 410, ಎಕ್ಸ್ 220 ಮುಂತಾದವುಗಳಲ್ಲಿ, ಲಿನಕ್ಸ್ ಹಾಕಿದವರಿಗೆ ಬ್ಯಾಟರಿಯ ಅಂಕಿಗಳು ವಿಚಿತ್ರವಾಗಿ ಕಂಡವು. ಎಸಿಪಿಐ ನಿಯಮದಲ್ಲಿ ಬ್ಯಾಟರಿಯ ಅಳತೆಯನ್ನು ಎರಡು ಬಗೆಯಲ್ಲಿ ಹೇಳಬಹುದು, ಮಿಲಿವ್ಯಾಟ್ ಅವರ್ ಅಥವಾ ಮಿಲಿಆ್ಯಂಪ್ ಅವರ್. ಯಾವುದೆಂದು ಬಯಾಸೇ ತಿಳಿಸಬೇಕು. ಈ ಮಾದರಿಗಳಲ್ಲಿ ಚಾರ್ಜರ್ ಇದೆಯೋ ಇಲ್ಲವೋ ಎಂಬುದರ ಮೇಲೆ ಅಳತೆಯ ಬಗೆಯೇ ಬದಲಾಗುತ್ತಿತ್ತು. ಮಿಲಿಆ್ಯಂಪ್ ಅವರ್ ಎಂದಾಗ ಕೊಟ್ಟ ಅಂಕಿಗಳಲ್ಲಿ ಹೆಚ್ಚಿನವು ತಪ್ಪಾಗಿರುತ್ತಿದ್ದವು. ಲಿನಕ್ಸಿನ ಒಳತಿರುಳಾದ ಕರ್ನಲ್ ಬರೆಯುವವರು ಕೂತು ಲೆಕ್ಕ ಹಾಕಿ ತಪ್ಪಿನ ಪ್ರಮಾಣವನ್ನು ಖಚಿತವಾಗಿ ಕಂಡುಹಿಡಿದರು: 10,000ವನ್ನು ಬ್ಯಾಟರಿಯ ವಿನ್ಯಾಸದ ಮಿಲಿವೋಲ್ಟಿನಿಂದ ಭಾಗಿಸಿ, ಬಂದದ್ದರಿಂದ ಗುಣಿಸಿದರೆ ಸರಿಯಾದ ಅಂಕಿ ಸಿಗುತ್ತದೆ. 10.8 ವೋಲ್ಟಿನ ಪ್ಯಾಕಾದರೆ ತಿದ್ದುಪಡಿ ಶೇಕಡಾ 7ರಷ್ಟು, 14.4 ವೋಲ್ಟಾದರೆ ಶೇಕಡಾ 30ರಷ್ಟು. ಆ ತಿದ್ದುಪಡಿಯನ್ನು ಕರ್ನಲ್ಲಿಗೇ ಸೇರಿಸಿದರು. 2011ರ ಮಾದರಿಗಳಿಗೆ ಕಂಪನಿ 2012ರ ನಡುವಿನಲ್ಲಿ ಹೊಸ ಬಯಾಸ್ ಕೊಟ್ಟಿತು. ಸೆಲ್ ಬದಲಿಸಿದವರಿಗೆ ಏನೂ ಸಿಗುತ್ತಿರಲಿಲ್ಲ, ಬಯಾಸ್ ಬದಲಿಸಿದವರಿಗೆ ಸಮಸ್ಯೆ ತೀರಿತು.

ಇನ್ನು ಕೆಲವು ಯಂತ್ರಗಳಲ್ಲಿ ಬಯಾಸ್ ಬರೆದವರು ಋಣ ಸಂಖ್ಯೆಯನ್ನು ಸರಿಯಾಗಿ ನಿಭಾಯಿಸಿಲ್ಲ. ಸೊನ್ನೆ ಎಂದು ಹೇಳಬೇಕಾದ ಕಡೆ ಅವು 65,536 ಎಂದು ಹೇಳುತ್ತವೆ. ಪೂರ್ತಿ ತುಂಬಿದಾಗ ಇವತ್ತಿನ ಸಾಮರ್ಥ್ಯ ಹೇಳುವ ಬದಲು ಹೊಸದಿದ್ದಾಗಿನ ಸಾಮರ್ಥ್ಯ ಹೇಳುವ ಬ್ಯಾಟರಿಗಳೂ ಇವೆ. ಇವುಗಳಿಗೂ ಕರ್ನಲ್ಲಿನಲ್ಲಿ ತಿದ್ದುಪಡಿಗಳಿವೆ.

ಹಾಗಾದರೆ ನಮ್ಮ ಮುಂದಿರುವ ಯಂತ್ರದಲ್ಲಿ ತಪ್ಪು ಎಲ್ಲಿದೆ ಎಂದು ತಿಳಿಯುವುದು ಹೇಗೆ? ಒಂದೇ ಮಾತನ್ನು ಬೇರೆ ಬೇರೆ ಕಡೆ ಓದಿ ಹೋಲಿಸಬೇಕು. ಮೊಳಕಾಲ್ಮುರು ತಾಲ್ಲೂಕಿನವರಿಗೆ ಈ ಕೆಲಸ ಹೊಸದಲ್ಲ. 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಅವರು ಅಲ್ಲಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳನ್ನು ಕಂಡರು. ಮೂರು ಕಡೆಯೂ ಒಂದೇ ಸಂದೇಶ. ಜಟಿಂಗ ರಾಮೇಶ್ವರದ ಬಂಡೆ ತುಂಬಾ ಸವೆದಿದೆ, ಅಲ್ಲಿ ಅಳಿಸಿದ ಅಕ್ಷರ ಯಾವುದೆಂದು ಬ್ರಹ್ಮಗಿರಿಯ ಪಾಠದಿಂದ ಗೊತ್ತಾಗುತ್ತದೆ. ಒಂದೇ ಬಂಡೆಯನ್ನು ನೋಡಿ ತೀರ್ಮಾನ ಮಾಡಿದ್ದರೆ ತಪ್ಪು ಓದುತ್ತಿದ್ದರು. ಲ್ಯಾಪ್‌ಟಾಪಿನಲ್ಲೂ ಹಾಗೆಯೇ ಮೂರು ಕಡೆ ಓದಬೇಕು.

ಮೊದಲ ಓದು ವಿಂಡೋಸಿನ ವರದಿ. ವಿಂಡೋಸ್ 8 ಮತ್ತು ಅದರ ನಂತರದ ಯಾವುದೇ ಯಂತ್ರದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಪೆನ್ನು ಕಾಗದ ಇದ್ದವರು ಬರೆದುಕೊಳ್ಳಿ. ಪಿ, ಓ, ಡಬ್ಲ್ಯು, ಇ, ಆರ್, ಸಿ, ಎಫ್, ಜಿ, ಅಂದರೆ ಪವರ್‌ಸಿಎಫ್‌ಜಿ. ಒಂದು ಜಾಗ ಬಿಡಿ. ಆಮೇಲೆ ಬಲಕ್ಕೆ ವಾಲಿದ ಓರೆಗೆರೆ, ಅದಕ್ಕೆ ಅಂಟಿದಂತೆ ಬ್ಯಾಟರಿರಿಪೋರ್ಟ್ ಎಂದು ಒಂದೇ ಪದವಾಗಿ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಒಂದು ಫೈಲ್ ತಯಾರಾಗುತ್ತದೆ, ಅದು ಎಲ್ಲಿದೆ ಎಂದು ಪರದೆಯೇ ಹೇಳುತ್ತದೆ. ತೆರೆದು ನೋಡಿದರೆ ಡಿಸೈನ್ ಕೆಪಾಸಿಟಿ ಮತ್ತು ಫುಲ್ ಚಾರ್ಜ್ ಕೆಪಾಸಿಟಿ ಎಂಬ ಎರಡು ಸಾಲು ಕಾಣುತ್ತವೆ. ಮೊದಲನೆಯದು ಬ್ಯಾಟರಿ ಹೊಸದಾಗಿದ್ದಾಗಿನ ಅಳತೆ, ಎರಡನೆಯದು ಇವತ್ತಿನದು. ಉದಾಹರಣೆಗೆ 40,000 ಮತ್ತು 22,000 ಮಿಲಿವ್ಯಾಟ್ ಅವರ್ ಎಂದಿದ್ದರೆ ಬ್ಯಾಟರಿಯಲ್ಲಿ ಉಳಿದಿರುವುದು ಶೇಕಡಾ 55ರಷ್ಟು ಶಕ್ತಿ. ಆದರೂ ಮೂಲೆಯ ಚಿತ್ರ 100 ಎಂದೇ ತೋರಿಸುತ್ತದೆ. ಅದು ತಪ್ಪಲ್ಲ, ನೂರು ಎಂದರೆ ಇವತ್ತಿನ ಪೂರ್ಣ, ಕೊಂಡ ದಿನದ ಪೂರ್ಣ ಅಲ್ಲ. ನೂರು ತೋರಿಸಿ ಒಂದೇ ತಾಸು ಬಂತು ಎಂದು ದೂರುವವರು ಇದನ್ನು ಮೊದಲು ನೋಡಬೇಕು.

ಲಿನಕ್ಸ್ ಬಳಸುವವರಿಗೆ ಕೆಲಸ ಇನ್ನೂ ಸುಲಭ. ನಮ್ಮಲ್ಲಿ ಲಿನಕ್ಸ್ ಕಡಿಮೆ, ಆದರೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕಲಿಯುವುದೇ ಕೇರಳ ಸರ್ಕಾರದ ಕೈಟ್ ಸಂಸ್ಥೆಯ ಲಿನಕ್ಸಿನಲ್ಲಿ. ಸಿಸ್ ಎಂಬ ಫೋಲ್ಡರಿನ ಒಳಗೆ ಕ್ಲಾಸ್, ಅದರೊಳಗೆ ಪವರ್ ಸಪ್ಲೈ, ಅದರೊಳಗೆ ಬ್ಯಾಟ್ ಸೊನ್ನೆ ಅಥವಾ ಬ್ಯಾಟ್ ಒಂದು. ಪ್ರತಿ ಅಂಕಿಯೂ ಒಂದೊಂದು ಫೈಲಿನಲ್ಲಿ ಇರುತ್ತದೆ, ತೆರೆದು ಓದಿದರೆ ಸಾಕು.

ಎರಡನೆಯ ಓದು ಬಯಾಸಿನದು. ಯಂತ್ರ ಚಾಲೂ ಆಗುವಾಗ ಎಫ್ 2, ಎಫ್ 10 ಅಥವಾ ಡಿಲೀಟ್ ಕೀ ಒತ್ತಿದರೆ ಬಯಾಸಿನ ಪುಟ ಬರುತ್ತದೆ, ಯಾವ ಕೀ ಎಂಬುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಹಲವು ಯಂತ್ರಗಳಲ್ಲಿ ಅಲ್ಲೇ ಬ್ಯಾಟರಿಯ ವಿವರ ಇರುತ್ತದೆ. ಬಯಾಸಿನಲ್ಲಿ ಬ್ಯಾಟರಿ ಸರಿಯಾಗಿ ಕಂಡು ವಿಂಡೋಸಿನಲ್ಲಿ ಮಾತ್ರ ಇಲ್ಲ ಎಂದರೆ ತಪ್ಪು ಹೆಚ್ಚಾಗಿ ವಿಂಡೋಸಿನದು. ಡಿವೈಸ್ ಮ್ಯಾನೇಜರ್ ತೆರೆದು, ಬ್ಯಾಟರೀಸ್ ಎಂಬಲ್ಲಿ, ಮೈಕ್ರೋಸಾಫ್ಟ್ ಎಸಿಪಿಐ ಕಂಪ್ಲಯಂಟ್ ಕಂಟ್ರೋಲ್ ಮೆಥಡ್ ಬ್ಯಾಟರಿ ಎಂಬುದನ್ನು ಅನ್‌ಇನ್‌ಸ್ಟಾಲ್ ಮಾಡಿ ಯಂತ್ರವನ್ನು ರೀಸ್ಟಾರ್ಟ್ ಮಾಡಿ. ಹೆದರಬೇಡಿ, ವಿಂಡೋಸ್ ಅದನ್ನು ತಾನೇ ಮತ್ತೆ ಹಾಕಿಕೊಳ್ಳುತ್ತದೆ. ಬಯಾಸಿನಲ್ಲೂ ಬ್ಯಾಟರಿ ಕಾಣದಿದ್ದರೆ ಒಳಗಿನ ಎಂಬೆಡೆಡ್ ಕಂಟ್ರೋಲರ್ ಸಿಕ್ಕಿಹಾಕಿಕೊಂಡಿರಬಹುದು. ಯಂತ್ರ ಆರಿಸಿ, ಚಾರ್ಜರ್ ತೆಗೆದು, ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ ತೆಗೆದು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿಹಿಡಿದು ಆಮೇಲೆ ಜೋಡಿಸಿ ನೋಡಿ. ಹೊಸ ಬಯಾಸ್ ಇದ್ದರೆ ಕಂಪನಿಯ ತಾಣದಿಂದಲೇ ತಂದು ಹಾಕಬೇಕು. ಆ ಕೆಲಸದ ನಡುವೆ ಕರೆಂಟ್ ಹೋಗಿ ಯಂತ್ರ ಆರಿದರೆ ಮದರ್‌ಬೋರ್ಡಿಗೇ ಕುತ್ತು. ನಂಬಲಾಗದ ಬ್ಯಾಟರಿ ಇರುವ ಯಂತ್ರದಲ್ಲಿ ಇನ್‌ವರ್ಟರಿನ ಬಲ ಇಲ್ಲದೆ ಬಯಾಸ್‌ಗೆ ಕೈ ಹಾಕಬೇಡಿ.

ಮೂರನೆಯ ಓದು ಗೋಡೆ ಗಡಿಯಾರದ್ದು. ನನಗೆ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ. ಪೂರ್ತಿ ಚಾರ್ಜ್ ಮಾಡಿ, ಎರಡು ತಾಸು ಹಾಗೇ ಬಿಡಿ. ಚಾರ್ಜರ್ ತೆಗೆದು ಸಮಯ ಬರೆದುಕೊಳ್ಳಿ. ಮಾಮೂಲು ಕೆಲಸ ಮಾಡುತ್ತಾ ಅರ್ಧ ತಾಸಿಗೊಮ್ಮೆ ಅಂಕಿ ಗುರುತು ಹಾಕಿಕೊಳ್ಳಿ. ಕೊನೆಯಲ್ಲಿ ಶೇಕಡಾ 10ರ ಹತ್ತಿರ ಬಂದಾಗ ಯಂತ್ರವನ್ನು ಮುಚ್ಚಿ ಮತ್ತೆ ಚಾಲೂ ಮಾಡಿ, ಬಯಾಸಿನ ಪುಟದಲ್ಲೇ ನಿಲ್ಲಿಸಿಬಿಡಿ. ಅಲ್ಲಿ ವಿಂಡೋಸ್ ಇಲ್ಲ, ಹಾಗಾಗಿ ಅಂಕಿ ಕಡಿಮೆಯಾಯಿತೆಂದು ಯಂತ್ರವನ್ನು ಮಲಗಿಸುವವರೂ ಇಲ್ಲ. ಇನ್ನೇನು ಮುಗಿಯಿತು ಎಂದಿದ್ದ ಬ್ಯಾಟರಿ ಅಲ್ಲಿ ಮುಕ್ಕಾಲು ತಾಸು ನಡೆದರೆ ಸೆಲ್ ಗಟ್ಟಿಯಾಗಿದೆ, ಲೆಕ್ಕ ತಪ್ಪಿದೆ ಎಂದು ಅರ್ಥ. ತಾನಾಗಿ ಆರುವವರೆಗೆ ಬಿಟ್ಟು, ಸ್ವಲ್ಪ ಹೊತ್ತಿನ ನಂತರ ನಡುವೆ ನಿಲ್ಲಿಸದೆ ನೂರರವರೆಗೆ ಚಾರ್ಜ್ ಮಾಡಿ. ಗೇಜ್ ಚಿಪ್ಪಿಗೆ ಬೇಕಾಗಿದ್ದ ಎರಡು ಗುರುತೂ ಆಗ ಸಿಗುತ್ತವೆ. ಇದನ್ನೇ ಕ್ಯಾಲಿಬ್ರೇಶನ್ ಎನ್ನುತ್ತಾರೆ. ಎರಡು ಮೂರು ತಿಂಗಳಿಗೊಮ್ಮೆ ಮಾಡಿದರೆ ಸಾಕು, ವಾರಕ್ಕೊಮ್ಮೆ ಮಾಡುವುದು ಸೆಲ್ಲಿಗೆ ಒಳ್ಳೆಯದಲ್ಲ.

ಇದಕ್ಕೆ ತದ್ವಿರುದ್ಧವಾದ ಫಲವೂ ಬರಬಹುದು. ಸುಮ್ಮನೆ ಇದ್ದಾಗ ನಡೆಯುತ್ತದೆ, ವಿಡಿಯೋ ಹಾಕಿದೊಡನೆ 40ರಲ್ಲೇ ಆರುತ್ತದೆ ಎಂದರೆ ಸಾಲಿನಲ್ಲಿರುವ ಸೆಲ್‌ಗಳಲ್ಲಿ ಒಂದು ಸೋತಿದೆ. ಭಾರ ಬಿದ್ದೊಡನೆ ಅದರ ವೋಲ್ಟೇಜ್ ಕುಸಿಯುತ್ತದೆ, ರಕ್ಷಣಾ ಸರ್ಕ್ಯೂಟ್ ಇಡೀ ಪ್ಯಾಕನ್ನೇ ಕಡಿದುಹಾಕುತ್ತದೆ. ವಿಂಡೋಸಿನ ಈವೆಂಟ್ ವ್ಯೂವರಿನಲ್ಲಿ ಕರ್ನಲ್ ಪವರ್ 41 ಎಂಬ ದಾಖಲೆ ಸಿಕ್ಕರೆ, ಯಂತ್ರ ತಾನಾಗಿ ಮಲಗಿದ್ದಲ್ಲ, ವಿದ್ಯುತ್ ಕಡಿದು ಆರಿದ್ದಿರಬೇಕು ಎಂಬುದಕ್ಕೆ ಅದು ಬಲವಾದ ಸೂಚನೆ. ಇಲ್ಲಿ ಕ್ಯಾಲಿಬ್ರೇಶನ್ ಏನೂ ಮಾಡಲಾರದು, ಬ್ಯಾಟರಿ ಬದಲಿಸಲೇಬೇಕು. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಅಂಥ ಯಂತ್ರದಲ್ಲಿ ಈ ಯಾವ ಪ್ರಯೋಗವೂ ಬೇಡ. ಅದನ್ನು ಚಾರ್ಜ್ ಮಾಡಬೇಡಿ, ಚುಚ್ಚಬೇಡಿ, ಬೆಂಕಿ ಹತ್ತಿಕೊಳ್ಳಬಹುದು.

ಚಾರ್ಜರ್ ಹಾಕಿದರೂ ಚಾರ್ಜ್ ಆಗುತ್ತಿಲ್ಲ ಎಂಬ ದೂರಿನ ಬಗ್ಗೆ ಒಂದು ಮಾತು. ಅಂಕಿ 60 ಅಥವಾ 80ರಲ್ಲಿ ನಿಂತಿದ್ದರೆ ಬ್ಯಾಟರಿ ಕಾಪಾಡುವ ಕನ್ಸರ್ವೇಶನ್ ಮೋಡ್ ಚಾಲೂ ಇರಬಹುದು, ಕಂಪನಿ ಕೊಟ್ಟ ಆ್ಯಪಿನಲ್ಲಿ ನೋಡಿ. ಸದಾ ಚಾರ್ಜರಿನಲ್ಲೇ ಇರುವ ನಮ್ಮ ಕೇಂದ್ರಗಳ ಯಂತ್ರಗಳಿಗೆ, ನಮ್ಮ ಬಿಸಿಲಿಗೆ, ಆ ಮೋಡ್ ಬಲು ಒಳ್ಳೆಯದು, ಆರಿಸಬೇಡಿ. ಲೋ ವೋಲ್ಟೇಜಿನಿಂದ ಹೀಗಾಯಿತು ಎನ್ನುವವರೂ ಇದ್ದಾರೆ. ಲ್ಯಾಪ್‌ಟಾಪ್ ಅಡಾಪ್ಟರ್ ಸಾಮಾನ್ಯವಾಗಿ 100ರಿಂದ 240 ವೋಲ್ಟಿನವರೆಗೆ ಕೆಲಸ ಮಾಡುತ್ತದೆ, ಅದರ ಬೆನ್ನ ಮೇಲೆಯೇ ಬರೆದಿರುತ್ತದೆ. ಲೈನಿನ ಕೊನೆಯ ಹಳ್ಳಿಯಲ್ಲಿ 170 ವೋಲ್ಟ್ ಬಂದರೂ ಅದಕ್ಕೆ ತೊಂದರೆ ಇಲ್ಲ. ಆದರೆ ಕಡಿಮೆ ವ್ಯಾಟಿನ ಬೇರೆ ಯಾವುದೋ ಅಡಾಪ್ಟರ್ ಹಾಕಿದರೆ ಯಂತ್ರ ನಡೆಯುತ್ತದೆ, ಬ್ಯಾಟರಿ ತುಂಬುವುದಿಲ್ಲ.

ಬ್ಯಾಟರಿ ಬದಲಿಸುವುದೇ ಸರಿ ಎಂದು ತೀರ್ಮಾನವಾದರೆ, ಚಿತ್ರದುರ್ಗಕ್ಕೆ ಹೋಗಲಿ, ಬಳ್ಳಾರಿಗೆ ಹೋಗಲಿ, ಬೆಂಗಳೂರಿನ ಎಸ್‌ಪಿ ರೋಡಿಗೇ ಹೋಗಲಿ, ಹಳೆಯ ಬ್ಯಾಟರಿಯ ವರದಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ. ಹೊಸ ಬ್ಯಾಟರಿ ಜೋಡಿಸಿದ ಮೇಲೆ ಅಂಗಡಿಯಲ್ಲೇ ಇನ್ನೊಂದು ವರದಿ ತೆಗೆಸಿ. ಡಿಸೈನ್ ಕೆಪಾಸಿಟಿ ಹಳೆಯ ಬ್ಯಾಟರಿಯದಕ್ಕೆ ಹತ್ತಿರ ಇದೆಯೇ ನೋಡಿ. ಅಗ್ಗದ ನಕಲಿ ಬ್ಯಾಟರಿಗಳ ಗೇಜ್ ಚಿಪ್ ಹೇಳುವುದನ್ನು ಪೂರ್ತಿ ನಂಬುವಂತಿಲ್ಲ, ಕಾಗದದ ಮೇಲೆ ದೊಡ್ಡ ಅಂಕಿ ತೋರಿಸುವುದು ಅವಕ್ಕೆ ಕಷ್ಟವಲ್ಲ. ಅದಕ್ಕೇ ಬಿಲ್ಲಿನಲ್ಲಿ ವಾರಂಟಿ ಬರೆಸಿಕೊಳ್ಳಿ, ಊರಿಗೆ ಬಂದ ಮೊದಲ ವಾರದಲ್ಲೇ ಗಡಿಯಾರದ ಪರೀಕ್ಷೆ ಮಾಡಿ. ತಾಸುಗಳು ಕಡಿಮೆ ಬಂದರೆ ವರದಿ, ಬಿಲ್ಲು, ನೀವು ಅರ್ಧ ತಾಸಿಗೊಮ್ಮೆ ಬರೆದ ಚೀಟಿ, ಮೂರನ್ನೂ ಅಂಗಡಿಯವರ ಮುಂದೆ ಇಟ್ಟು ಬದಲಿ ಬ್ಯಾಟರಿ ಕೇಳಿ.